ಪಕ್ಕದ ಮನೆಯಲ್ಲೇ ಒಂದು ಪ್ರತಿ: ಯಜಮಾನನಿಲ್ಲದ ಕಂಪ್ಯೂಟರ್ ಜಾಲದಲ್ಲಿ ಯಾರು ಏನನ್ನು ಇಟ್ಟುಕೊಳ್ಳಬೇಕು?

ಕಂಬದೂರು: ಅಗ್ಗದ 4ಜಿ ಬರುವ ಮುಂಚೆ ಸಂತೆ ಬೀದಿಯ ಮೊಬೈಲ್ ರೀಚಾರ್ಜ್ ಅಂಗಡಿಗಳಿಗೆ ಇನ್ನೊಂದು ದೊಡ್ಡ ವ್ಯಾಪಾರವಿತ್ತು. ಮೆಮೊರಿ ಕಾರ್ಡ್ ಕೊಟ್ಟು ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಅದರ ತುಂಬ ಹಾಡು, ಸಿನಿಮಾ ತುಂಬಿಸಿ ಕೊಡುತ್ತಿದ್ದರು. ಒಬ್ಬನ ಕಾರ್ಡಿನಿಂದ ಹತ್ತು ಜನರ ಫೋನಿಗೆ ಬ್ಲೂಟೂತ್ ಮೂಲಕ, ಆಮೇಲೆ ಶೇರ್‌ಇಟ್, ಜೆಂಡರ್ ಎಂಬ ಆಪ್‌ಗಳ ಮೂಲಕ ಹಾಡು ದಾಟುತ್ತಿತ್ತು. (ಈ ಎರಡೂ ಆಪ್‌ಗಳು 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಚೀನೀ ಆಪ್‌ಗಳ ಪಟ್ಟಿಯಲ್ಲಿ ಸೇರಿದವು.) ಹಕ್ಕುಸ್ವಾಮ್ಯದ ಪ್ರಶ್ನೆ ಬೇರೆ. ಆದರೆ ಊರವರು ತಮಗೆ ಗೊತ್ತಿಲ್ಲದೆಯೇ ಒಂದು 'ಪೀರ್ ಟು ಪೀರ್' ಜಾಲವನ್ನು, ಅಂದರೆ ಸರೀಕರಿಂದ ಸರೀಕರಿಗೆ ಹಂಚುವ ಜಾಲವನ್ನು ನಡೆಸುತ್ತಿದ್ದರು. ಹಾಡಿಗಾಗಿ ಯಾರೂ ಬೆಂಗಳೂರಿನವರೆಗೆ, ಹೈದರಾಬಾದಿನವರೆಗೆ ಹೋಗುತ್ತಿರಲಿಲ್ಲ. ಹತ್ತಿರದಲ್ಲಿ ಯಾರ ಬಳಿ ಇದೆಯೋ ಅವರಿಂದ ಪಡೆಯುತ್ತಿದ್ದರು.

ಇಂಥ ಜಾಲದಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಜಾಗ ಕಡಿಮೆ ಇರುವಾಗ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಅಳಿಸಬೇಕು? ಎಲ್ಲರೂ ಒಂದೇ ಕೆಲಸ ಮಾಡಬೇಕೋ, ಅಂಗಡಿಯವನ ಹಾಗೆ ಕೆಲವರು ಹೆಚ್ಚಿನ ಹೊರೆ ಹೊರಬೇಕೋ? ಕಂಪ್ಯೂಟರ್ ವಿಜ್ಞಾನಿಗಳು ಇಪ್ಪತ್ತೈದು ವರ್ಷದಿಂದ ತಲೆ ಕೆಡಿಸಿಕೊಂಡಿರುವುದು ಇವೆರಡರ ಮೇಲೆಯೇ.

ಮೊದಲು ಒಂದೆರಡು ಪದ

ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರವೂ ಒಂದು 'ನೋಡ್'. ಅದು ಫೋನ್ ಆಗಿರಬಹುದು, ಶಾಲೆಯ ಕಂಪ್ಯೂಟರ್ ಆಗಿರಬಹುದು. ದೂರದಿಂದ ತಂದ ಕಡತದ ಒಂದು ಪ್ರತಿಯನ್ನು ಮುಂದೆ ಬೇಕಾದೀತೆಂದು ಹತ್ತಿರ ಇಟ್ಟುಕೊಳ್ಳುವುದು 'ಕ್ಯಾಶ್'. ಇದು ದುಡ್ಡಿನ ಕ್ಯಾಶ್ ಅಲ್ಲ. ಬಚ್ಚಿಡುವುದು ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಗಡಿಯ ಜನಕ್ಕೆ ಇದನ್ನು ತೆಲುಗಿನಲ್ಲಿ ಹೇಳುವುದೇ ಸುಲಭ. 'ದಾಚು' ಎಂದರೆ ಬಚ್ಚಿಡು ಎಂದೂ ಆಗುತ್ತದೆ, ಜೋಪಾನವಾಗಿ ಎತ್ತಿಡು ಎಂದೂ ಆಗುತ್ತದೆ. ಕ್ಯಾಶ್ ಮಾಡುವ ಕೆಲಸವೂ ಅದೇ.

ಕೆಲವರು ಇದನ್ನು ಕೆರೆಗಳ ಸರಪಳಿಗೆ ಹೋಲಿಸುತ್ತಾರೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ಮಾತ್ರ ಸರಿ. ನೀರು ಕೊಟ್ಟರೆ ಕೊಟ್ಟವನಲ್ಲಿ ಕಡಿಮೆಯಾಗುತ್ತದೆ. ಕಡತದ ಪ್ರತಿ ಕೊಟ್ಟರೆ ಇಬ್ಬರ ಬಳಿಯೂ ಇರುತ್ತದೆ. ಹೆಚ್ಚು ಜನ ಕೇಳಿದಷ್ಟೂ ಪ್ರತಿ ಹೆಚ್ಚುತ್ತದೆ. ಈ ಜಾಲಗಳ ಬಲ ಇರುವುದು ಇಲ್ಲಿ. ದೌರ್ಬಲ್ಯವೂ ಇಲ್ಲೇ ಇದೆ, ಅದು ಮುಂದೆ ಗೊತ್ತಾಗುತ್ತದೆ.

ಎಲ್ಲರೂ ಸಮಾನರು ಎಂದಾಗ ಏನಾಯಿತು?

1999ರಲ್ಲಿ ಶಾನ್ ಫ್ಯಾನಿಂಗ್ ಎಂಬ ಅಮೆರಿಕದ ಹುಡುಗ ಶುರುಮಾಡಿದ ನ್ಯಾಪ್‌ಸ್ಟರ್‌ನಲ್ಲಿ ಹಾಡುಗಳು ಜನರ ಕಂಪ್ಯೂಟರ್‌ಗಳಲ್ಲೇ ಇದ್ದವು. ಆದರೆ ಯಾರ ಬಳಿ ಏನಿದೆ ಎಂಬ ಪಟ್ಟಿ ಮಾತ್ರ ಕಂಪನಿಯ ಸರ್ವರ್‌ನಲ್ಲಿತ್ತು. 2001ರಲ್ಲಿ ನ್ಯಾಯಾಲಯದ ಆದೇಶದಿಂದ ಆ ಸರ್ವರ್ ನಿಂತಾಗ ಇಡೀ ಜಾಲವೇ ನಿಂತಿತು. ಪಟ್ಟಿ ಒಂದೇ ಕಡೆ ಇದ್ದರೆ ಅಲ್ಲಿಗೆ ಬೀಗ ಹಾಕಿದರೆ ಸಾಕು.

2000ದ ಮಾರ್ಚ್‌ನಲ್ಲಿ ಬಂದ ನ್ಯುಟೆಲ್ಲಾದಲ್ಲಿ ಪಟ್ಟಿಯೇ ಇರಲಿಲ್ಲ. ಬೇಕಾದದ್ದನ್ನು ಅಕ್ಕಪಕ್ಕದವರನ್ನು ಕೇಳುವುದು, ಅವರು ತಮ್ಮ ಅಕ್ಕಪಕ್ಕದವರನ್ನು ಕೇಳುವುದು, ಹೀಗೆ ಸಾಮಾನ್ಯವಾಗಿ 7 ಮೆಟ್ಟಿಲಿನವರೆಗೆ. ಊರಲ್ಲಿ ಹಸು ತಪ್ಪಿಸಿಕೊಂಡರೆ ಬಾಯಿಂದ ಬಾಯಿಗೆ ಸುದ್ದಿ ಹೋಗುವ ರೀತಿ. ಲೆಕ್ಕ ಹಾಕಿ ನೋಡಿ. ಒಬ್ಬೊಬ್ಬರಿಗೆ 4 ನಂಟು ಇದೆ ಎನ್ನಿ. ಮೊದಲ ಮೆಟ್ಟಿಲಲ್ಲಿ 4 ಸಂದೇಶ, ಎರಡನೆಯದರಲ್ಲಿ 12, ಮೂರನೆಯದರಲ್ಲಿ 36. ಏಳನೆಯದು ಮುಗಿಯುವ ಹೊತ್ತಿಗೆ ಒಂದೇ ಪ್ರಶ್ನೆಗೆ 4,372 ಸಂದೇಶ! ಟೆಲಿಫೋನ್ ಮೋಡೆಮ್‌ನಲ್ಲಿ ತೆವಳುತ್ತಿದ್ದ ಬಡ ನೋಡ್‌ಗಳು ಬೇರೆಯವರ ಪ್ರಶ್ನೆ ಸಾಗಿಸುವುದರಲ್ಲೇ ಉಸಿರು ಕಟ್ಟಿದವು.

ಸಮಾನತೆಯೂ ಹೆಸರಿಗೆ ಮಾತ್ರ ಇತ್ತು. ಎಯ್ಟನ್ ಅಡಾರ್ ಮತ್ತು ಬರ್ನಾರ್ಡೊ ಹೂಬರ್‌ಮನ್ 2000ದಲ್ಲಿ ನ್ಯುಟೆಲ್ಲಾವನ್ನು ಅಳೆದು ನೋಡಿದರು. ಸುಮಾರು 70 ಶೇಕಡಾ ಮಂದಿ ಏನನ್ನೂ ಹಂಚುತ್ತಿರಲಿಲ್ಲ. ಬರುತ್ತಿದ್ದ ಉತ್ತರಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟನ್ನು ಕೊಡುತ್ತಿದ್ದವರು ಹಂಚುವವರ ಪೈಕಿ ಮೇಲಿನ 1 ಶೇಕಡಾ ಮಂದಿ. ಊಟಕ್ಕೆ ಎಲ್ಲರೂ, ಒಲೆ ಮುಂದೆ ಇಬ್ಬರೇ ಎಂಬ ಪರಿಸ್ಥಿತಿ.

ಹೆಗಲು ಗಟ್ಟಿ ಇದ್ದವರಿಗೆ ಹೊರೆ

ಹೀಗಾಗಿ ಕೆಲಸ ಹಂಚಿಕೆ ಬಂತು. ವೇಗದ ಸಂಪರ್ಕ ಇರುವ, ಬಹಳ ಹೊತ್ತು ಆನ್ ಇರುವ ನೋಡ್‌ಗಳನ್ನು ನ್ಯುಟೆಲ್ಲಾ 'ಅಲ್ಟ್ರಾಪೀರ್' ಎಂದು ಮೇಲಕ್ಕೇರಿಸಿತು. ಉಳಿದವು 'ಎಲೆ' ನೋಡ್‌ಗಳು. ಎಲೆಗಳು ತಮ್ಮಲ್ಲಿ ಏನಿದೆ ಎಂಬುದರ ಸಂಕ್ಷಿಪ್ತ ಪಟ್ಟಿಯನ್ನು ತಮ್ಮ ಅಲ್ಟ್ರಾಪೀರ್‌ಗೆ ಕೊಟ್ಟು ಸುಮ್ಮನಿರುತ್ತವೆ. ಪ್ರಶ್ನೆಗಳು ದೊಡ್ಡವರ ನಡುವೆ ಮಾತ್ರ ಓಡಾಡುತ್ತವೆ. 2001ರ ಕಜಾ ಕೂಡ ಇದನ್ನೇ 'ಸೂಪರ್‌ನೋಡ್' ಎಂಬ ಹೆಸರಿನಲ್ಲಿ ಮಾಡಿತು. ಅದೇ ತಂಡ 2003ರಲ್ಲಿ ತಂದ ಸ್ಕೈಪ್‌ನಲ್ಲೂ ಸೂಪರ್‌ನೋಡ್‌ಗಳೇ ಬೆನ್ನೆಲುಬು.

ಆದರೆ ದೊಡ್ಡವರನ್ನು ನೆಚ್ಚಿದರೆ ದೊಡ್ಡವರು ಬಿದ್ದಾಗ ಪೆಟ್ಟೂ ದೊಡ್ಡದೇ. 2010ರ ಡಿಸೆಂಬರ್ 22ರಂದು ಸ್ಕೈಪ್‌ನ ಒಂದು ವಿಂಡೋಸ್ ಆವೃತ್ತಿಯ ದೋಷದಿಂದ ಬಹಳಷ್ಟು ಸೂಪರ್‌ನೋಡ್‌ಗಳು ಒಟ್ಟಿಗೆ ಕುಸಿದವು. ಅವುಗಳ ಹೊರೆ ಉಳಿದವುಗಳ ತಲೆ ಮೇಲೆ ಬಿದ್ದು ಅವೂ ತತ್ತರಿಸಿದವು. ಸುಮಾರು ಒಂದು ದಿನ ಜಗತ್ತಿನ ಲಕ್ಷಾಂತರ ಜನಕ್ಕೆ ಕರೆ ಸಿಗಲಿಲ್ಲ. 2011ರಲ್ಲಿ ಕಂಪನಿ ಮೈಕ್ರೋಸಾಫ್ಟ್ ಪಾಲಾಯಿತು. ಮರುವರ್ಷ ಸೂಪರ್‌ನೋಡ್‌ಗಳನ್ನು ಜನರ ಕಂಪ್ಯೂಟರ್‌ಗಳಿಂದ ಎತ್ತಿ ಕಂಪನಿಯ ಡೇಟಾ ಸೆಂಟರ್‌ಗೆ ಸಾಗಿಸಲಾಯಿತು. 2025ರ ಮೇ ತಿಂಗಳಲ್ಲಿ ಸ್ಕೈಪ್ ಬಾಗಿಲು ಮುಚ್ಚಿತು.

ಯಾರನ್ನು ನಂಬಬೇಕು ಎಂಬುದಕ್ಕೆ 2002ರಲ್ಲಿ ಬಂದ ಕೆಡೆಮ್ಲಿಯಾ ಎಂಬ ಪದ್ಧತಿ ಸರಳ ಉಪಾಯ ಹೇಳಿತು. ಬಹಳ ಹೊತ್ತಿನಿಂದ ಜಾಲದಲ್ಲಿರುವ ನೋಡ್ ಇನ್ನೂ ಒಂದು ಗಂಟೆ ಇರುವ ಸಂಭವ ಹೆಚ್ಚು ಎಂದು ಅಂಕಿಅಂಶದಿಂದ ಗೊತ್ತಾಗಿತ್ತು. ಆದ್ದರಿಂದ ಹಳೆಯ ನಂಟು ಬದುಕಿರುವ ತನಕ ಹೊಸಬನಿಗಾಗಿ ಅದನ್ನು ಬಿಡಬಾರದು ಎಂಬುದು ಅದರ ನಿಯಮ.

ದೊಡ್ಡಬಳ್ಳಾಪುರದ ಬಸ್ಸು

ಇದೆಲ್ಲ ಅಮೆರಿಕದ ಮಾತು ಎನ್ನುವವರು ಹಿಂದೂಪುರದಿಂದ ಬೆಂಗಳೂರಿಗೆ ಹೋಗುವ ರೈಲಿನ ದಾರಿಯಲ್ಲೇ ಇರುವ ದೊಡ್ಡಬಳ್ಳಾಪುರವನ್ನು ನೆನೆಯಬೇಕು. 2003ರಲ್ಲಿ ಅಲ್ಲಿ 'ಡಾಕ್‌ನೆಟ್' ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎಂಐಟಿಯ ಅಲೆಕ್ಸ್ ಪೆಂಟ್‌ಲ್ಯಾಂಡ್, ರಿಚರ್ಡ್ ಫ್ಲೆಚರ್, ಅಮೀರ್ ಹಸನ್ ಅದರ ಬಗ್ಗೆ 2004ರ ಜನವರಿಯಲ್ಲಿ ವಿವರವಾಗಿ ಬರೆದರು.

ಕರ್ನಾಟಕದಲ್ಲಿ ಆಗ 'ಭೂಮಿ' ಯೋಜನೆಯಡಿ ಪಹಣಿಗಳು ಕಂಪ್ಯೂಟರ್‌ಗೆ ಏರಿದ್ದವು. ಪ್ರತಿ ಬೇಕೆಂದರೆ ರೈತ ತಾಲೂಕು ಕಚೇರಿಗೆ ಹೋಗಬೇಕಿತ್ತು. ಹಳ್ಳಿಗಳಿಗೆ ಇಂಟರ್ನೆಟ್ ತಂತಿ ಇರಲಿಲ್ಲ. ಹಾಗಾಗಿ ಸರ್ಕಾರಿ ಬಸ್ಸಿನಲ್ಲಿ ವೈಫೈ ಇರುವ ಒಂದು ಚಿಕ್ಕ ಕಂಪ್ಯೂಟರ್ ಕೂರಿಸಿದರು. ಬಸ್ಸು ಹಳ್ಳಿಯ ಕಿಯೋಸ್ಕ್ ಬಳಿ ಬಂದಾಗ ಅಲ್ಲಿನ ಅರ್ಜಿಗಳು ತಾವಾಗಿಯೇ ಬಸ್ಸಿಗೆ ಏರುತ್ತಿದ್ದವು. ಬಸ್ಸು ತಾಲೂಕು ಕೇಂದ್ರ ತಲುಪಿದಾಗ ಅಲ್ಲಿನ ಸರ್ವರ್‌ಗೆ ಇಳಿಯುತ್ತಿದ್ದವು. ಸಿದ್ಧವಾದ ಪಹಣಿಗಳು ಮತ್ತೆ ಬಸ್ಸು ಹತ್ತಿ ಹಳ್ಳಿಗೆ. ಕಿಯೋಸ್ಕ್‌ನವನು ಮುದ್ರಿಸಿ 15 ರೂಪಾಯಿ ಪಡೆದು ಕೊಡುತ್ತಿದ್ದ. ಬಸ್ಸು ದಿನಕ್ಕೆ 3 ಸುತ್ತು, ಅಂದರೆ 6 ಸಲ ಪ್ರತಿ ಹಳ್ಳಿ ಮುಟ್ಟುತ್ತಿತ್ತು. ಒಂದು ಭೇಟಿ ಸರಾಸರಿ 2 ನಿಮಿಷ 34 ಸೆಕೆಂಡು. ಅಷ್ಟರಲ್ಲಿ ಒಂದು ದಿಕ್ಕಿಗೆ ಸರಾಸರಿ 20.9 ಮೆಗಾಬೈಟ್ ಸಾಗುತ್ತಿತ್ತು. ಬಸ್ಸಿನ ಉಪಕರಣದ ವೆಚ್ಚ 580 ಡಾಲರ್. ಇದೇ ಉಪಾಯ ಕಾಂಬೋಡಿಯಾದ ರತನಕಿರಿಯಲ್ಲಿ ಮೋಟಾರ್ ಸೈಕಲ್ ಏರಿತು.

ನೋಡ್‌ಗಳ ಕೆಲಸ ಹಂಚಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ತಾಲೂಕು ಸರ್ವರ್ ಮೂಲ ದಾಖಲೆ ಇಡುವ ನೋಡ್. ಬಸ್ಸು ಹೊತ್ತು ತಿರುಗುವ ನೋಡ್, ಅದಕ್ಕೆ ಏನನ್ನೂ ಅರ್ಥಮಾಡಿಕೊಳ್ಳುವ ಅಗತ್ಯವಿಲ್ಲ. ಕಿಯೋಸ್ಕ್ ಜನರ ಜೊತೆ ಮಾತಾಡುವ ನೋಡ್. ಒಂದು ಮಾತು ಮಾತ್ರ ಒಪ್ಪಬೇಕು: ಡಾಕ್‌ನೆಟ್ ಪೂರ್ತಿ ವಿಕೇಂದ್ರೀಕೃತ ಜಾಲವಲ್ಲ. ಪಹಣಿಗೆ ಯಜಮಾನ ತಾಲೂಕು ಕಚೇರಿಯೇ. ಅದು ಇರಬೇಕಾದದ್ದೂ ಹಾಗೆಯೇ.

ಹಳೆ ಪ್ರತಿ ತರುವ ತಂಟೆ

ಏಕೆ ಎಂದರೆ, ಕಿಯೋಸ್ಕ್‌ನವನು 'ಪದೇಪದೇ ಬಸ್ಸಿಗೆ ಯಾಕೆ ಕಾಯುವುದು' ಎಂದು ಹಿಂದಿನ ತಿಂಗಳ ಪಹಣಿಯನ್ನೇ ಕ್ಯಾಶ್‌ನಿಂದ ತೆಗೆದು ಕೊಟ್ಟ ಎನ್ನಿ. ಆ ನಡುವೆ ಖಾತೆ ಬದಲಾಗಿದ್ದರೆ? ಮೇಲೆ ಬ್ಯಾಂಕ್ ಸಾಲ ಕೂತಿದ್ದರೆ? ಕಾಗದ ನೋಡಲು ಅಚ್ಚುಕಟ್ಟು, ಒಳಗಿರುವುದು ಸುಳ್ಳು. ಪಾವಗಡದ ಕಡೆ ಒಂದು ತುಂಡು ಹೊಲ, ಕಂಬದೂರಿನ ಕಡೆ ಇನ್ನೊಂದು ತುಂಡು ಇಟ್ಟುಕೊಂಡು, ಅಲ್ಲಿ ಪಹಣಿ ಇಲ್ಲಿ ಅಡಂಗಲ್ ಎಂದು ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದಕ್ಕೇ ಕ್ಯಾಶ್ ಮಾಡಿದ ಪ್ರತಿಗೆ ಆಯುಸ್ಸು ಬರೆದಿಡುತ್ತಾರೆ. ಇಷ್ಟು ಹೊತ್ತಾದ ಮೇಲೆ ಮೂಲವನ್ನು ಕೇಳದೆ ಕೊಡಬೇಡ ಎಂದು. ಸಂತೆಯ ಧಾರಣೆಗೆ ಅರ್ಧ ದಿನ ಸಾಕು. ಪಠ್ಯಪುಸ್ತಕಕ್ಕೆ ಒಂದು ವರ್ಷ ಇರಬಹುದು. ಮುಗಿದುಹೋದ ನಾಟಕದ ಧ್ವನಿಮುದ್ರಣಕ್ಕೆ ಆಯುಸ್ಸಿನ ಗೊಡವೆಯೇ ಬೇಡ, ಅದು ಬದಲಾಗುವುದಿಲ್ಲ.

ಪೀರ್ ಟು ಪೀರ್ ಜಾಲಗಳಲ್ಲಿ 'ಹ್ಯಾಶ್' ಎಂಬ ಬೆರಳಚ್ಚೂ ಇರುತ್ತದೆ. ಕಡತದ ಒಂದು ಅಕ್ಷರ ಬದಲಾದರೂ ಹ್ಯಾಶ್ ಬದಲಾಗುತ್ತದೆ. ಅಪರಿಚಿತನಿಂದ ಪಡೆದ ಪ್ರತಿ ಕಲಬೆರಕೆಯೋ ಅಲ್ಲವೋ ಎಂದು ಇದರಿಂದ ಪತ್ತೆಯಾಗುತ್ತದೆ. ಆದರೆ ಹಲವರು ಇಲ್ಲಿ ಎಡವುತ್ತಾರೆ. ಹ್ಯಾಶ್ ಸರಿ ಬಂದರೆ ಪ್ರತಿ ಕೆಟ್ಟಿಲ್ಲ ಎಂದಷ್ಟೇ ಅರ್ಥ. ಅದು ಹಳತಲ್ಲ ಎಂದು ಅರ್ಥವಲ್ಲ.

ಯಾವುದು ಉಳಿಯಬೇಕು, ಯಾವುದು ಹೋಗಬೇಕು?

ಗಡಿ ಭಾಗದ ಕನ್ನಡಿಗರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಈ ಭಾಗ.

ಇಯಾನ್ ಕ್ಲಾರ್ಕ್ ರೂಪಿಸಿ 2000ದಲ್ಲಿ ಹೊರಬಂದ ಫ್ರೀನೆಟ್‌ನಲ್ಲಿ (ಮೂಲ ತಂತ್ರಾಂಶಕ್ಕೆ 2023ರಿಂದ ಹೈಫನೆಟ್ ಎಂಬ ಹೆಸರು) ಕಡತವೊಂದು ಕೇಳಿದವನ ಕಡೆ ಸಾಗುವಾಗ ದಾರಿಯ ನೋಡ್‌ಗಳೂ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತಿದ್ದವು. ಜಾಗ ತುಂಬಿದಾಗ ಬಹಳ ದಿನದಿಂದ ಯಾರೂ ಕೇಳದ ಕಡತವನ್ನು ಮೊದಲು ಹೊರಹಾಕುತ್ತಿದ್ದವು. ಇದಕ್ಕೆ ಎಲ್‌ಆರ್‌ಯು ಎಂದು ಹೆಸರು. ಕಂಪ್ಯೂಟರ್ ಲೋಕದಲ್ಲಿ ಎಲ್ಲ ಕಡೆ ಚಾಲ್ತಿಯಲ್ಲಿರುವ, ಸುಲಭದ ನಿಯಮ ಇದು. ಹೆಚ್ಚು ಜನ ಕೇಳುವುದು ಕೇಳಿದವರ ಮನೆ ಬಾಗಿಲಿಗೇ ಬಂದು ಕೂರುತ್ತದೆ. ಕೇಳುವವರು ಕಡಿಮೆಯಾದದ್ದು ಮೆಲ್ಲಗೆ ಮರೆಯಾಗುತ್ತದೆ.

ರೀಚಾರ್ಜ್ ಅಂಗಡಿಯನ್ನು ಮತ್ತೆ ನೆನೆಯಿರಿ. ಹೊಸ ತೆಲುಗು ಸಿನಿಮಾದ ಹಾಡಿಗೆ ದಿನಕ್ಕೆ ನೂರು ಗಿರಾಕಿ. ಕನ್ನಡ ಮಾಧ್ಯಮದ ಏಳನೇ ತರಗತಿ ಪಾಠದ ಧ್ವನಿಮುದ್ರಣಕ್ಕೆ ಒಬ್ಬ. ಹಾರ್ಡ್ ಡಿಸ್ಕ್ ತುಂಬಿದಾಗ ಯಾವುದು ಅಳಿಯುತ್ತದೆ ಎಂದು ಕೇಳಬೇಕೆ? ಇಲ್ಲಿ ಯಾರಿಗೂ ಕನ್ನಡದ ಮೇಲೆ ದ್ವೇಷವಿಲ್ಲ. ನಿಯಮವೇ ಹಾಗಿದೆ.

ಇದಕ್ಕೆ ಪರಿಹಾರ ದಾಕ್ಷಿಣ್ಯದಿಂದ ಬರಲಿಲ್ಲ, ಲೆಕ್ಕದಿಂದ ಬಂತು. 2002ರಲ್ಲಿ ಈಡಿತ್ ಕೊಹೆನ್ ಮತ್ತು ಸ್ಕಾಟ್ ಶೆಂಕರ್, ಪಟ್ಟಿಯಿಲ್ಲದ ಜಾಲದಲ್ಲಿ ಗುರಿಯಿಲ್ಲದೆ ಹುಡುಕುವಾಗ ಯಾವ ಕಡತದ ಪ್ರತಿ ಎಷ್ಟಿರಬೇಕು ಎಂದು ಲೆಕ್ಕ ಹಾಕಿದರು. ಉತ್ತರ: ಬೇಡಿಕೆಯ ವರ್ಗಮೂಲದಷ್ಟು. ಒಂದಕ್ಕೆ ಇನ್ನೊಂದಕ್ಕಿಂತ 100 ಪಟ್ಟು ಬೇಡಿಕೆ ಇದ್ದರೆ ಪ್ರತಿ 100 ಪಟ್ಟು ಬೇಡ, 10 ಪಟ್ಟು ಸಾಕು.

110 ಅಂಗಡಿ ಇವೆ, ಒಂದೊಂದರಲ್ಲಿ ಒಂದೇ ಕಡತಕ್ಕೆ ಜಾಗ ಎಂದಿಟ್ಟುಕೊಳ್ಳಿ. ಕೇಳಿದ ಅಂಗಡಿಯನ್ನೇ ಮತ್ತೆ ಕೇಳುವ ಸಂಭವವೂ ಉಂಟು. ಬೇಡಿಕೆಗೆ ತಕ್ಕಂತೆ ಹಂಚಿದರೆ 109ರಲ್ಲಿ ಸಿನಿಮಾ ಹಾಡು, 1ರಲ್ಲಿ ಪಾಠ. ಪಾಠ ಬೇಕಾದ ಹುಡುಗಿ ಸರಾಸರಿ 110 ಸಲ ವಿಚಾರಿಸಬೇಕು. ವರ್ಗಮೂಲದ ಪ್ರಕಾರ ಹಂಚಿದರೆ 100ರಲ್ಲಿ ಹಾಡು, 10ರಲ್ಲಿ ಪಾಠ. ಹಾಡಿನವನಿಗೆ ಸರಾಸರಿ 1.1 ಸಲ, ಹುಡುಗಿಗೆ 11 ಸಲ. ಹಾಡಿನವನಿಗೆ ಆದ ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಎಲ್ಲ ಗಿರಾಕಿಗಳ ಒಟ್ಟು ಸರಾಸರಿ ತೆಗೆದರೆ ಮೊದಲ ಕ್ರಮದಲ್ಲಿ ಸುಮಾರು 2, ಎರಡನೆಯದರಲ್ಲಿ 1.2. ಎರಡಕ್ಕೂ ಸಮಸಮ 55 ಕೊಟ್ಟರೂ ಸರಾಸರಿ 2ಕ್ಕಿಂತ ಕೆಳಗಿಳಿಯುವುದಿಲ್ಲ. ಬಹುಮತಕ್ಕೆ ಎಲ್ಲ ಕೊಟ್ಟರೂ ಅಷ್ಟೇ, ಎಲ್ಲರಿಗೂ ಒಂದೇ ಅಳತೆ ಎಂದರೂ ಅಷ್ಟೇ! ಅಲ್ಪಸಂಖ್ಯಾತರ ಕಡತಕ್ಕೆ ಅದರ ಬೇಡಿಕೆಗಿಂತ ಒಂದಿಷ್ಟು ಹೆಚ್ಚು ಜಾಗ ಕೊಟ್ಟಾಗಲೇ ಇಡೀ ಜಾಲ ಚುರುಕಾಗುತ್ತದೆ.

ಬ್ರ್ಯಾಮ್ ಕೊಹೆನ್ 2001ರಲ್ಲಿ ತಂದ ಬಿಟ್‌ಟೊರೆಂಟ್ ಇನ್ನೊಂದು ದಾರಿ ಹಿಡಿಯಿತು. ದೊಡ್ಡ ಕಡತವನ್ನು ಚೂರುಚೂರು ಮಾಡಿ, ತನಗೆ ಬೇಕಾದವುಗಳಲ್ಲಿ ಸುತ್ತಮುತ್ತ ಯಾವ ಚೂರು ಅತಿ ವಿರಳವೋ ಅದನ್ನೇ ಮೊದಲು ತರಿಸಿಕೊಳ್ಳುತ್ತದೆ. ಆ ಚೂರು ಇಟ್ಟುಕೊಂಡ ಒಬ್ಬನೇ ಒಬ್ಬ ಕಂಪ್ಯೂಟರ್ ಆಫ್ ಮಾಡಿ ಹೋಗುವ ಮುಂಚೆ ಇನ್ನೊಬ್ಬರ ಬಳಿ ಅದು ಇರಲಿ ಎಂದು. ಬಿತ್ತನೆ ಬೀಜದ ವಿಷಯದಲ್ಲಿ ರೈತರಿಗೆ ಇದು ಗೊತ್ತಿರುವ ವಿವೇಕವೇ. ಊರೆಲ್ಲ ಶೇಂಗಾ ಇದ್ದರೆ ಅದರ ಬೀಜ ಎಲ್ಲಾದರೂ ಸಿಗುತ್ತದೆ. ಕೊರ್ಲೆ ಬೀಜ ಒಬ್ಬರ ಮನೆಯಲ್ಲಿ ಮಾತ್ರ ಇದ್ದರೆ ಮೊದಲು ಅಲ್ಲಿಂದ ಒಂದು ಸೇರು ತರಬೇಕು. ಪೂರ್ತಿ ಕಡತ ಇಟ್ಟುಕೊಂಡು ಹಂಚುವವನನ್ನು ಬಿಟ್‌ಟೊರೆಂಟ್‌ನಲ್ಲಿ 'ಸೀಡರ್' ಎನ್ನುತ್ತಾರೆ. ಹೆಸರು ಸುಮ್ಮನೆ ಬಂದದ್ದಲ್ಲ.

ಮೊಳೆ ಹೊಡೆದು ಇಡುವವರು

ಲೆಕ್ಕ ಎಷ್ಟೇ ಸರಿಯಿದ್ದರೂ ಯಾರಾದರೂ 'ಇದನ್ನು ಅಳಿಸುವುದಿಲ್ಲ' ಎಂದು ಹಟ ಹಿಡಿಯದಿದ್ದರೆ ವಿರಳ ಕಡತ ಉಳಿಯದು. ಹುವಾನ್ ಬೆನೆಟ್ ರೂಪಿಸಿ 2015ರಲ್ಲಿ ಹೊರಬಂದ ಐಪಿಎಫ್‌ಎಸ್ ಎಂಬ ಜಾಲದಲ್ಲಿ ಇದಕ್ಕೆ 'ಪಿನ್' ಎಂದು ಹೆಸರು. ಪಿನ್ ಮಾಡದ ಕಡತವನ್ನು ಕಸ ಗುಡಿಸುವ ಹೊತ್ತಿನಲ್ಲಿ ನೋಡ್ ಎಸೆಯಬಹುದು. ಪಿನ್ ಮಾಡಿದ್ದನ್ನು ಮುಟ್ಟುವುದಿಲ್ಲ. ಐಪಿಎಫ್‌ಎಸ್‌ಗೆ ಏರಿಸಿದರೆ ಶಾಶ್ವತ ಎಂದು ಕೆಲವು ಕಡೆ ಹೇಳುವುದುಂಟು. ಅದು ತಪ್ಪು. ಪಿನ್ ಮಾಡಿದವರು ಇರುವ ತನಕ ಮಾತ್ರ.

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಎಂಬ ಸಂಸ್ಥೆ ಸಮುದಾಯವೇ ಒಡೆಯನಾಗಿರುವ ವೈಫೈ ಮೆಶ್ ಜಾಲದ ಪ್ರಯೋಗ ನಡೆಸಿದೆ. ಅದನ್ನು ಕೌಮೆಶ್ ಎನ್ನುತ್ತಾರೆ. ಮನೆಯಿಂದ ಮನೆಗೆ ರೂಟರ್‌ಗಳು ಕೈಹಿಡಿದುಕೊಂಡು ಸಾಗುವ ಇಂಥ ಜಾಲದಲ್ಲಿ ಹೊರಗಿನ ಇಂಟರ್ನೆಟ್ ಇಲ್ಲದಿದ್ದರೂ ಊರಿನ ಸರ್ವರ್‌ನಲ್ಲಿರುವುದು ಊರಿಗೆ ಸಿಗುತ್ತದೆ. ಓದುಬರಹ ಬಾರದವರೂ ಬಳಸುವಂತೆ ಧ್ವನಿ ಮುದ್ರಣಕ್ಕೆ ಅಲ್ಲಿ ಒತ್ತು.

ನಮ್ಮ ಭಾಗದಲ್ಲಿ ಪಿನ್ ಮಾಡಬೇಕಾದ್ದು ಯಾವುದು ಎಂದು ಯೋಚಿಸಿದರೆ ಮೊದಲು ಹೊಳೆಯುವುದು ಆಂಧ್ರ ಸರ್ಕಾರದ ಕನ್ನಡ ಮಾಧ್ಯಮ ಪಠ್ಯಪುಸ್ತಕಗಳು. ಮಡಕಶಿರಾ, ರೊಳ್ಳ, ಅಗಳಿ, ರಾಯದುರ್ಗದ ಕಡೆಯ ಕನ್ನಡ ಶಾಲೆಗಳಿಗೆ ಬೇಕಾದದ್ದು ಇವು. ಕರ್ನಾಟಕದ ಪಠ್ಯಕ್ರಮ ಬೇರೆ. ಅಂದರೆ ತೆಲುಗಿನ ಜಾಲದಲ್ಲಿ ಇವನ್ನು ಕೇಳುವವರು ಕಡಿಮೆ, ಬೆಂಗಳೂರಿನ ಕನ್ನಡ ಜಾಲದಲ್ಲೂ ಕೇಳುವವರು ಕಡಿಮೆ. ಎರಡು ಕಡೆಯ ಕ್ಯಾಶ್‌ನಿಂದಲೂ ಮೊದಲು ಉದುರುವ ಎಲೆ ಇದು. ಕನ್ನಡ ವಿಕಿಪೀಡಿಯ (2003ರಲ್ಲಿ ಶುರುವಾದದ್ದು) ಬೇಕಿದ್ದರೆ ಕಿವಿಕ್ಸ್ ಎಂಬ ತಂತ್ರಾಂಶದಲ್ಲಿ ಇಂಟರ್ನೆಟ್ ಇಲ್ಲದೆಯೂ ಓದಬಹುದು. ಅದರ ಪ್ರತಿ ಕಳೆದರೂ ಮತ್ತೆ ಎಲ್ಲಿಂದಲಾದರೂ ತರಬಹುದು. ಊರಿನ ಅಜ್ಜಿಯ ಸೋಬಾನೆ ಪದದ ಮುದ್ರಣ ಕಳೆದರೆ ತರಲಾಗದು. ಜಾಗ ಕಡಿಮೆ ಇದ್ದರೆ ಯಾವುದಕ್ಕೆ ಮೊದಲ ಮಣೆ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ.

ಎಷ್ಟು ಪ್ರತಿ ಬೇಕು? ಒಂದು ಯಂತ್ರ ದಿನದ ಅರ್ಧ ಹೊತ್ತು ಮಾತ್ರ ಆನ್ ಇರುತ್ತದೆ ಎನ್ನಿ. ಒಂದೇ ಪ್ರತಿ ಇದ್ದರೆ ಕೇಳಿದಾಗ ಸಿಗುವ ಸಂಭವ 50 ಶೇಕಡಾ. ಎರಡಿದ್ದರೆ 75, ಮೂರಿದ್ದರೆ 87.5, ಐದಿದ್ದರೆ ಸುಮಾರು 97. ಆದರೆ ಒಂದು ಷರತ್ತು ಉಂಟು. ಈ ಲೆಕ್ಕ ನಿಲ್ಲಬೇಕಾದರೆ ಯಂತ್ರಗಳು ಬೇರೆಬೇರೆ ಹೊತ್ತಿನಲ್ಲಿ ಆಫ್ ಆಗಬೇಕು. ಐದೂ ಒಂದೇ ಬೀದಿಯಲ್ಲಿ, ಒಂದೇ ಟ್ರಾನ್ಸ್‌ಫಾರ್ಮರ್ ಕೆಳಗೆ ಇದ್ದರೆ ಕರೆಂಟ್ ಹೋದಾಗ ಐದೂ ಹೋಗುತ್ತವೆ. ಈ ವಿಷಯದಲ್ಲಿ ಗಡಿಯವರಿಗೆ ಒಂದು ಅನುಕೂಲವಿದೆ. ಕಂಬದೂರಿಗೆ ಕರೆಂಟ್ ಕೊಡುವುದು ಆಂಧ್ರದ ಎಸ್‌ಪಿಡಿಸಿಎಲ್, ಪಕ್ಕದ ಪಾವಗಡಕ್ಕೆ ಬೆಸ್ಕಾಂ. ಒಂದು ಪ್ರತಿ ಈಚೆ, ಇನ್ನೊಂದು ಪ್ರತಿ ಆಚೆಯ ನೆಂಟರ ಮನೆಯಲ್ಲಿ ಇಟ್ಟರೆ ಎರಡೂ ಒಟ್ಟಿಗೆ ಕತ್ತಲಾಗುವ ದಿನ ಅಪರೂಪ.